ಜಪಾನಿನಲ್ಲಿ ನನ್ನ ಹುಳಕ್ಕೆ ಜ್ವರ ಬಂದದ್ದು

ಜಪಾನಿಗೆ ಹೋಗಿ ಬಂದೆ ಎಂದರೆ ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರೆಲ್ಲ ಮೊದಲು ಕೇಳುವುದು ಅಲ್ಲಿನ ಜೋರಾಗಿ ಓಡುವ ರೈಲಿನ ಬಗ್ಗೆ. ಅದನ್ನು ನಾನೂ ಹತ್ತಿದೆ. ಹತ್ತಿದ ಕೂಡಲೇ ನಿದ್ದೆ ಹೋದೆ, ಇಳಿಯುವಾಗ ಎಬ್ಬಿಸಿದರು. ಹಾಗಾಗಿ ಅದರ ಬಗ್ಗೆ ಹೇಳಲು ನನ್ನ ಹತ್ತಿರ ಏನೂ ಇಲ್ಲ. ಆ ದೇಶದಲ್ಲಿದ್ದ ಏಳು ವಾರಗಳಲ್ಲಿ ನಾನು ಹೆಚ್ಚು ಹೊತ್ತು ನೋಡಿದ್ದು ರೇಷ್ಮೆ ಹುಳುಗಳ ಬೆನ್ನನ್ನು. ಆ ಬೆನ್ನುಗಳ ಬಗ್ಗೆ ಕೇಳಿದರೆ ಎಷ್ಟು ಹೊತ್ತು ಬೇಕಾದರೂ ಹೇಳುತ್ತೇನೆ.

ಕೊಂಡ್ಲಹಳ್ಳಿ

ತೊಂಬತ್ತರ ದಶಕದ ಕೊನೆಯ ಮಾತು. ಜಪಾನಿನ ಬಿಳಿ ಹುಳ ಸಾಕಿರಿ ಎಂದು ರೇಷ್ಮೆ ಇಲಾಖೆಯವರು ನಮ್ಮ ಮೊಳಕಾಲ್ಮುರು ತಾಲ್ಲೂಕಿನಲ್ಲಿ ಮನೆಮನೆಗೆ ಬಂದು ಹೇಳುತ್ತಿದ್ದರು. ನಾವು ಮೊದಲಿಂದ ಸಾಕುತ್ತಿದ್ದದ್ದು ಹಳದಿ ಗೂಡು ಕಟ್ಟುವ ಹುಳ. ಗೂಡು ಸಣ್ಣದು, ನೂಲು ಕಡಿಮೆ. ಬಿಳಿ ಹುಳದ ಗೂಡು ಪಾರಿವಾಳದ ಮೊಟ್ಟೆಯಷ್ಟು ಇರುತ್ತದೆ, ಒಂದೇ ಗೂಡಿನ ಎಳೆ ಬಿಚ್ಚಿದರೆ ನಮ್ಮೂರಿಂದ ಪಕ್ಕದ ಹಟ್ಟಿಯವರೆಗೆ ಬರುತ್ತದೆ. ಮೊಳಕಾಲ್ಮುರಿನ ಮಗ್ಗದವರಿಗೂ ಅಂಥ ನೂಲೇ ಬೇಕಿತ್ತು.

ನಮ್ಮೂರು ಕೊಂಡ್ಲಹಳ್ಳಿಯಲ್ಲಿ ಹುಳ ಸಾಕುವುದರಲ್ಲಿ ಮೊದಲ ಹೆಸರು ನಮ್ಮಕ್ಕ ಬೋರಕ್ಕನದು. ಅವಳನ್ನು ಊರೊಳಗೇ ಕೊಟ್ಟಿತ್ತು. ಅವಳ ಮನೆಗೂ ನಮ್ಮ ಮನೆಗೂ ಸೇರಿ ಒಂದೇ ಹುಳದ ಮನೆ. ಕೆಲಸವೆಲ್ಲ ಅವಳದು. ಅವಳ ಕೈಗುಣ ಚೆನ್ನಾಗಿದೆ ಎಂದು ಬೇರೆಯವರೂ ಮರಿ ಹುಳ ತಂದ ದಿನ ಅವಳನ್ನು ಕರೆಯುತ್ತಿದ್ದರು. ಹದಿನೇಳು ವರ್ಷದವರೆಗೆ ಕುರಿ ಹಿಂದೆ ಇದ್ದ ನನ್ನನ್ನು ಹಿಡಿದು ಓದಲು ಕೂರಿಸಿದವಳೂ ಅವಳೇ. ಇಪ್ಪತ್ತೇಳನೇ ವಯಸ್ಸಿಗೆ ಮೀಸೆ ಬಿಟ್ಟುಕೊಂಡು ಹುಡುಗರ ಸಾಲಿನಲ್ಲಿ ಕೂತು ಎಸ್ಸೆಸ್ಸೆಲ್ಸಿ ಮುಗಿಸಿದೆ.

ಬಿಳಿ ಹುಳವನ್ನು ಊರಿಗೆ ಮೊದಲು ತಂದವರು ನಾವು. ಎರಡು ಸಲ ತಂದೆವು. ಎರಡು ಸಲವೂ ಮೂರನೇ ಜ್ವರದಲ್ಲಿ ಹೋದವು.

ಜ್ವರ ಎಂದರೆ ಏನೆಂದು ಹುಳ ಸಾಕದವರಿಗೆ ಹೇಳಬೇಕು. ರೇಷ್ಮೆ ಹುಳ ಬೆಳೆಯುತ್ತಾ ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆ ಮೇಲೆತ್ತಿಕೊಂಡು, ಒಂದು ದಿನ ಅಲ್ಲಾಡದೆ ಇರುತ್ತದೆ. ಮೈ ಬಿಳಿಚಿಕೊಂಡು ಹೊಳೆಯುತ್ತದೆ. ಊಟ ಬಿಟ್ಟು ಸುಮ್ಮನೆ ಬಿದ್ದ ಮಗುವಿನ ಹಾಗೆ. ಅದಕ್ಕೇ ನಮ್ಮ ಕಡೆ ಹಿಂದಿನಿಂದ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ದಾಟಿದ ಹುಳ ಹಣ್ಣಾಗಿ ಗೂಡು ಕಟ್ಟುತ್ತದೆ.

ಮೊದಲ ಸಲ ಹೋದಾಗ ಊರವರು ಹುಳವನ್ನು ಬೈದರು. ಎರಡನೇ ಸಲ ಅಕ್ಕನ ಕೈ ಕೆಟ್ಟಿತು ಎಂದರು. ಅವತ್ತಿನಿಂದ ಅಕ್ಕ ಹುಳದ ಮನೆಯೊಳಗೆ ಕಾಲಿಡುವುದನ್ನು ಬಿಟ್ಟಳು. ಸೊಪ್ಪಿನ ಹೊರೆ ತಂದು ಬಾಗಿಲಲ್ಲಿ ಇಳಿಸಿ ಹಾಗೇ ಹೋಗುತ್ತಿದ್ದಳು. ಹಳದಿ ಹುಳಕ್ಕೂ ಕೈ ತಾಗಿಸಲಿಲ್ಲ.

ಹೀಗೇ ಎರಡು ವರ್ಷ ಹೋಯಿತು. ಆಗ, ಓದು ಬರಹ ಬಲ್ಲ ಇಬ್ಬರು ಸಾಕಣೆದಾರರನ್ನು ಜಪಾನಿಗೆ ತರಬೇತಿಗೆ ಕಳಿಸುತ್ತಾರೆಂದು ತಿಳಿಯಿತು. ನನ್ನ ಹೆಸರು ಬಂತು. ಇನ್ನೊಬ್ಬ ಚಳ್ಳಕೆರೆಯ ಎಣ್ಣೆ ಮಿಲ್ಲಿನವರ ಮನೆಯ ಮಲ್ಲಣ್ಣ. ಹೊರಡುವ ದಿನ ಅಕ್ಕ ಬಸ್ಸಿನ ಕಿಟಕಿಯ ಹತ್ತಿರ ಬಂದು ನಿಂತಳು.

"ಅಲ್ಲಿ ಹುಳ ಸಾಕಾ ಹೆಂಗಸ್ರು ಇರ್ತಾರಲ್ಲ, ಅವರ ಕೈ ನೋಡ್ಕಂಡು ಬಾ ತಿಪ್ಪೇಶಿ. ನನ್ ಕೈಯಾಗೆ ಏನ್ ಕಮ್ಮಿ ಐತೆ ಅಂತ ಬಂದು ಹೇಳು. ಅದು ತಿಳಿಯಾತಂಕ ನಾನು ಆ ಹೊಸ್ತಿಲು ದಾಟಲ್ಲ."

ದೇಶ ನೋಡಿ ಬಾ ಎಂದು ಹತ್ತು ಜನ ಹೇಳಿದ್ದರು. ನನಗೆ ಕೊಟ್ಟ ನಿಜವಾದ ಕೆಲಸ ಇದೊಂದೇ.

ಊರು ಮುಟ್ಟಿದ ದಿನ

ತರಬೇತಿ ಇದ್ದದ್ದು ಗುಡ್ಡಗಳ ನಡುವಿನ ಸಣ್ಣ ಊರಿನಲ್ಲಿ. ನಮ್ಮ ಜಟಿಂಗ ರಾಮೇಶ್ವರದ ಗುಡ್ಡದ ಹಾಗೆ ಬಂಡೆ ಇಲ್ಲ, ನೆತ್ತಿಯವರೆಗೂ ಮರ. ಕಲ್ಲು ಕಾಣದ ಗುಡ್ಡ ನೋಡಿ ಎರಡು ದಿನ ನನಗೆ ಬಟ್ಟೆ ಸುತ್ತಿಟ್ಟ ಸಾಮಾನು ನೋಡಿದ ಹಾಗಿತ್ತು, ಒಳಗೇನಿದೆಯೋ ತಿಳಿಯದು.

ಕಲಿಸುವವರು ಮೋರಿ ಎಂಬ ಅರವತ್ತರ ಹತ್ತಿರದ ಮನುಷ್ಯ. ಕಿವಿಯ ಮೇಲೆ ಸದಾ ಒಂದು ಪೆನ್ಸಿಲು, ಮಾತು ಕಡಿಮೆ. ಅವರ ಮಾತನ್ನು ನಮಗೆ ಹೇಳಲು ಕೇಯ್ಕೊ ಎಂಬ ಹೆಣ್ಣುಮಗಳು. ಆಕೆ ದೆಹಲಿಯಲ್ಲಿದ್ದು ಹಿಂದಿ ಕಲಿತವಳು. ನನ್ನ ಹಿಂದಿಯೋ ಚಳ್ಳಕೆರೆ ಸಂತೆಯಲ್ಲಿ ಕುರಿ ವ್ಯಾಪಾರ ಮಾಡಲು ಕಲಿತ ಉರ್ದು. ಮಲ್ಲಣ್ಣನಿಗೆ ಇಂಗ್ಲಿಷು ಬರುತ್ತಿತ್ತು, ಆದರೆ ಅದನ್ನು ಅಲ್ಲಿ ಕೇಳುವವರಿರಲಿಲ್ಲ. ಹೀಗಾಗಿ ಕುರಿ ಸಂತೆಯ ಭಾಷೆಗೆ ಒಮ್ಮೆಲೇ ಬೆಲೆ ಬಂತು. ನಾನು ಮಾತಾಡುವುದು, ಮಲ್ಲಣ್ಣ ನನ್ನ ಮುಖ ನೋಡುವುದು.

ಮೊದಲ ದಿನವೇ ಚಪ್ಪಲಿಯಲ್ಲಿ ಎಡವಿದೆ. ಅಲ್ಲಿ ಬೀದಿಯ ಚಪ್ಪಲಿ ಬೇರೆ, ಮನೆಯೊಳಗಿನದು ಬೇರೆ, ಕಕ್ಕಸಿನದು ಬೇರೆ, ಹುಳದ ಮನೆಯದು ಬೇರೆ. ನಾನು ಕಕ್ಕಸಿನ ಚಪ್ಪಲಿಯಲ್ಲೇ ಊಟಕ್ಕೆ ಬಂದು ಕೂತೆ. ಎಲ್ಲರೂ ಕೈಯಲ್ಲಿದ್ದ ಊಟದ ಕಡ್ಡಿಗಳನ್ನು ಕೆಳಗಿಟ್ಟರು. ಅಡುಗೆಯ ಅಜ್ಜಿ ಬಂದು ನನ್ನ ಕಾಲ ಹತ್ತಿರ ಕೂತು, ಚಪ್ಪಲಿ ತೆಗೆದು, ಬೇರೆ ತೊಡಿಸಿದಳು. ನಾನು ನಾಚಿ ಮುದ್ದೆಯಾದೆ. ನಮ್ಮಲ್ಲಿ ದೇವರ ಮನೆಗೆ ಮಾತ್ರ ಇರುವ ಮಡಿಯನ್ನು ಅವರು ನೆಲದ ತುಂಬ ಹರಡಿದ್ದಾರೆ.

ಮುದ್ದೆ ಎಂದೆ, ಅದೂ ಆಯಿತು. ಒಯ್ದಿದ್ದ ರಾಗಿ ಹಿಟ್ಟಿನಲ್ಲಿ ಒಂದು ಭಾನುವಾರ ಮುದ್ದೆ ತಿರುವಿದೆ. ಅವರಲ್ಲೂ ಅಕ್ಕಿಯದೊಂದು ಅಂಟು ಉಂಡೆ ಇದೆ, ಅದನ್ನು ಬಹಳ ಹೊತ್ತು ಅಗಿಯುತ್ತಾರೆ. ಮೋರಿಯವರು ಮುದ್ದೆಯನ್ನೂ ಅಗಿದರು. ಅಗಿದಷ್ಟೂ ಅದು ಹಲ್ಲಿಗೆ ಮೆತ್ತಿತು. ನುಂಗಬೇಕು ಎಂದು ನಾನು ಗಂಟಲು ತೋರಿಸಿದೆ. ಅಗಿಯದೆ ನುಂಗುವುದು ಹಾವಿನ ಪದ್ಧತಿ ಅಲ್ಲವೇ ಎಂದು ಅವರು ಕೇಯ್ಕೊ ಮೂಲಕ ಬಹಳ ಮರ್ಯಾದೆಯಿಂದ ಕೇಳಿದರು.

ಅಲ್ಲಿನ ಕಾಗೆ ನಮ್ಮ ಕೋಳಿಯಷ್ಟಿದೆ. ಏನು ತಿನ್ನಿಸುತ್ತೀರಿ ಎಂದು ಕೇಳಿದೆ. ಚಳಿ ದೇಶದಲ್ಲಿ ದೊಡ್ಡ ಮೈ ಬಿಸಿ ಹಿಡಿದಿಡುತ್ತದೆ, ಸಣ್ಣ ಮೈ ಬೇಗ ಆರುತ್ತದೆ ಎಂದರು ಮೋರಿ. ದೊಡ್ಡ ಪಾತ್ರೆಯ ನೀರು ನಿಧಾನವಾಗಿ ಆರುವ ಹಾಗೆ. ನಮ್ಮ ಮೇಕೆಯ ಕಿವಿ ಎಷ್ಟುದ್ದ ಎಂದು ಅವರು ಕೇಳಿದರು. ಗೇಣಿನ ಹತ್ತಿರ ಎಂದೆ. ಆ ಕಿವಿಯಿಂದಲೇ ಅದು ಮೈಯ ಬಿಸಿ ಹೊರಗೆ ಬಿಡುತ್ತದೆ ಎಂದರು. ಹತ್ತು ವರ್ಷ ಮೇಕೆ ಕುರಿ ಕಾದವನು ನಾನು, ಅದನ್ನು ಹೇಳಿದವರು ಮೇಕೆಯೇ ಇಲ್ಲದ ಊರಿನವರು. ನಮ್ಮ ಕಡೆಯ ವರವು ಕಾವಲಿನ ಬಯಲಿನಲ್ಲಿ ಸುಡು ಮಧ್ಯಾಹ್ನ ಕುರಿಗಳು ಒಂದರ ಹೊಟ್ಟೆ ಕೆಳಗೆ ಇನ್ನೊಂದು ತಲೆ ಹಾಕಿ ನಿಲ್ಲುವುದನ್ನು ನಾನು ಹೇಳಿದೆ. ಮರವಿಲ್ಲದ ಕಡೆ ಕುರಿ ಕುರಿಗೇ ನೆರಳು. ಅವರು ಪೆನ್ಸಿಲು ತೆಗೆದು ಬರೆದುಕೊಂಡರು. ನನ್ನ ಮಾತನ್ನು ಒಬ್ಬ ಮೇಷ್ಟ್ರು ಬರೆದುಕೊಂಡದ್ದು ಅದೇ ಮೊದಲು.

ಹುಳ ಕೈಗೆ ಬಂದ ದಿನ

ಅಲ್ಲಿ ಮರಿ ಹುಳಗಳನ್ನು ಎರಡು ಜ್ವರ ದಾಟುವವರೆಗೆ ಊರಿಗೆಲ್ಲ ಒಂದೇ ಕಡೆ ಸಾಕಿ, ಆಮೇಲೆ ಹಂಚುತ್ತಾರೆ. ನಮ್ಮಿಬ್ಬರಿಗೂ ಎರಡು ಸಾಲು ತಟ್ಟೆ ಜೋಡಿಸಿದ ಒಂದೊಂದು ಸ್ಟ್ಯಾಂಡು ಹುಳ ಕೊಟ್ಟರು. ಇವು ನಿಮ್ಮವು, ಗೂಡಿನ ತನಕ ನಿಮ್ಮದೇ ಜವಾಬ್ದಾರಿ ಎಂದರು. ಅದೇ ಬಿಳಿ ಹುಳ. ಮೂರನೇ ಜ್ವರಕ್ಕೆ ಇನ್ನು ನಾಲ್ಕು ದಿನ. ಆ ನಾಲ್ಕು ದಿನವೂ ನನಗೆ ಊಟ ರುಚಿಸಲಿಲ್ಲ.

ಅಕ್ಕ ಹೇಳಿದ ಕೆಲಸ ಶುರು ಮಾಡಿದೆ. ಪಕ್ಕದ ಸ್ಟ್ಯಾಂಡುಗಳಲ್ಲಿ ಊರಿನ ನಾಲ್ಕೈದು ಹೆಂಗಸರು ಸೊಪ್ಪು ಹಾಕುತ್ತಿದ್ದರು. ಅವರ ಕೈಗಳನ್ನೇ ನೋಡುತ್ತಾ ನಿಂತೆ. ಸೊಪ್ಪು ಹಿಡಿಯುವುದು, ಉದುರಿಸುವುದು, ಬೆರಳು ಬಿಡಿಸುವುದು. ಅವರು ಒಬ್ಬರನ್ನೊಬ್ಬರು ನೋಡಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

"ಏನ್ಲೇ ತಿಪ್ಪೇಶಿ, ಹಿಂಗ್ ನೋಡಿದ್ರೆ ಬಳೆ ತೊಡಿಸಾಕೆ ಬಂದಾನೆ ಅಂದ್ಕಂತಾರೆ," ಎಂದ ಮಲ್ಲಣ್ಣ.

"ಅಕ್ಕ ನೋಡ್ಕಂಡು ಬಾ ಅಂದೈತೆ."

"ನೋಡಾಕೆ ಹೇಳೈತೆ, ನುಂಗಾಕಲ್ಲ."

ಎಷ್ಟು ನೋಡಿದರೂ ಆ ಕೈಗಳಲ್ಲಿ ಬೇರೇನೂ ಕಾಣಲಿಲ್ಲ. ಅವೂ ಸೊಪ್ಪಿನ ಹಾಲಿಗೆ ಕಪ್ಪಾದ ಉಗುರು, ಸುಣ್ಣಕ್ಕೆ ಒಡೆದ ಬೆರಳು. ನಮ್ಮಕ್ಕನವೇ ಕೈಗಳನ್ನು ಯಾರೋ ಅಲ್ಲಿಗೆ ತಂದಿಟ್ಟ ಹಾಗಿತ್ತು. ನನಗೆ ಇನ್ನೂ ಹೆದರಿಕೆಯಾಯಿತು. ಕೈಯಲ್ಲಿ ಕಮ್ಮಿ ಇಲ್ಲವೆಂದರೆ ಮತ್ತೆ ಯಾತರಲ್ಲಿ?

ತಣ್ಣನೆಯ ಕೋಣೆ

ಆ ವಾರ ಒಂದು ದಿನ ಹುಳದ ಮೊಟ್ಟೆಗಳನ್ನು ಕಾದಿಡುವ ಕೋಣೆಗೆ ಕರೆದುಕೊಂಡು ಹೋದರು. ಒಳಗೆ ಹೋಗುವಾಗ ದಪ್ಪ ಕೋಟು ಕೊಟ್ಟರು. ಮಲ್ಲಣ್ಣನ ಹಲ್ಲು ಕಟಕಟ ಎನ್ನುವುದು ನನಗೆ ಕೇಳುತ್ತಿತ್ತು. ಹಾಳೆಗಳ ಮೇಲೆ ರಾಗಿ ಚೆಲ್ಲಿದ ಹಾಗೆ ಮೊಟ್ಟೆ. ಆದರೆ ಬೂದು ಬಣ್ಣ. ನಮ್ಮ ಹಳದಿ ಹುಳದ ಮೊಟ್ಟೆ ಕೆನೆ ಬಣ್ಣಕ್ಕಿರುತ್ತದೆ, ಹತ್ತು ದಿನಕ್ಕೆ ಒಡೆಯುತ್ತದೆ. ಇವು ತಿಂಗಳುಗಟ್ಟಲೆ ಸುಮ್ಮನಿರುತ್ತವಂತೆ. ಹೊರಗೆ ಹಿಮ ಬಿದ್ದು ಹಿಪ್ಪುನೇರಳೆ ಗಿಡ ಬೋಳಾಗಿರುವಾಗ ಮರಿ ಹೊರಗೆ ಬಂದರೆ ತಿನ್ನಲು ಏನಿದೆ? ಅದಕ್ಕೆ ಬರುವುದೇ ಇಲ್ಲ. ಚಳಿ ಕಳೆದು ಚಿಗುರು ಬರುವ ಹೊತ್ತಿಗೆ ಒಡೆಯುತ್ತವೆ.

ಚಿಗುರು ಬರುವುದು ಮೊಟ್ಟೆಗೆ ಹೇಗೆ ತಿಳಿಯುತ್ತದೆ ಎಂದು ಕೇಳಿದೆ. ಮೋರಿಯವರು ಇಷ್ಟು ಹೊತ್ತು ಮಾತಾಡಿದ್ದು ನಾನು ನೋಡಿರಲಿಲ್ಲ. ಕಾಯಬೇಕೋ ಬೇಡವೋ ಎಂಬುದನ್ನು ಮೊಟ್ಟೆ ತೀರ್ಮಾನಿಸುವುದಿಲ್ಲ, ಅದರ ತಾಯಿ ತೀರ್ಮಾನಿಸುತ್ತದೆ. ತಾಯಿ ತೀರ್ಮಾನಿಸುವುದು ಚಿಟ್ಟೆಯಾದ ಮೇಲೂ ಅಲ್ಲ, ತಾನೇ ಮೊಟ್ಟೆಯೊಳಗೆ ಇದ್ದಾಗ. ಆಗ ಅದಕ್ಕೆ ಸಿಕ್ಕಿದ್ದು ಉದ್ದ ಹಗಲೋ ಗಿಡ್ಡ ಹಗಲೋ, ಬೆಚ್ಚಗಿತ್ತೋ ತಣ್ಣಗಿತ್ತೋ ಎಂಬುದರ ಮೇಲೆ, ಮುಂದೆ ತಾನು ಇಡುವ ಮೊಟ್ಟೆ ಮಲಗಬೇಕೋ ಏಳಬೇಕೋ ಎಂದು ಆಗಲೇ ತೀರ್ಮಾನವಾಗಿರುತ್ತದೆ. ಬೆಚ್ಚಗಿನ ಉದ್ದ ಹಗಲು ಕಂಡ ತಾಯಿಯ ಮಕ್ಕಳು ಹುಟ್ಟುವ ಹೊತ್ತಿಗೆ ಚಳಿ ಹತ್ತಿರವಾಗಿರುತ್ತದಲ್ಲ, ಹಾಗಾಗಿ ಅವು ಮಲಗುತ್ತವೆ.

ಕೇಯ್ಕೊ ಇದನ್ನು ಹಿಂದಿಯಲ್ಲಿ ಮೂರು ಸಲ ಹೇಳಬೇಕಾಯಿತು. ನಾನು ಮಲ್ಲಣ್ಣನಿಗೆ ಕನ್ನಡದಲ್ಲಿ ಹೇಳಿದೆ. ಅವನು ಕೋಟಿನೊಳಗಿಂದ ಮುಖ ಹೊರಗೆ ಹಾಕಿದ.

"ಹಂಗಾರೆ ನಾನು ಬೆಳಗ್ಗೆ ಏಳದೇ ಇರಾದು ನಮ್ಮಜ್ಜಿ ಮಾಡಿದ್ದು. ಊರಿಗೋದ ಮ್ಯಾಲೆ ನಮ್ಮಪ್ಪಗೆ ಹೇಳಲೇ, ನೀನು ಹೇಳಿದ್ರೆ ನಂಬ್ತಾನೆ."

ನಮ್ಮ ಹಳದಿ ಹುಳಕ್ಕೆ ಈ ವಿದ್ಯೆ ಇಲ್ಲ. ಬೇಕಾಗಿಯೂ ಇಲ್ಲ. ನಮ್ಮಲ್ಲಿ ಗಿಡ ಬೋಳಾಗುವ ಚಳಿಗಾಲವೇ ಇಲ್ಲವಲ್ಲ. ಅದು ವರ್ಷವಿಡೀ ಮೊಟ್ಟೆ, ಹುಳ, ಗೂಡು ಎಂದು ಓಡುತ್ತಲೇ ಇರುತ್ತದೆ. ಬಿಸಿಲು, ಧೂಳು, ಒಣಗಿದ ಸೊಪ್ಪು, ನಮ್ಮ ಮನೆಗಳ ಹೊಗೆ ಎಲ್ಲದರಲ್ಲೂ ಬದುಕಲಾರದ್ದು ತಲೆತಲಾಂತರದಲ್ಲಿ ಸತ್ತುಹೋಗಿ, ಬದುಕಬಲ್ಲದ್ದು ಮಾತ್ರ ಉಳಿದಿದೆ. ಮೈ ಸಣ್ಣದು, ಗೂಡು ತೆಳು, ಜೀವ ಗಟ್ಟಿ. ಆ ಹುಳವನ್ನು ನಾವು ಬಡ ಹುಳ ಎಂದು ಬೈಯುತ್ತಿದ್ದೆವು. ಆ ಚಳಿ ಕೋಣೆಯಲ್ಲಿ ನಿಂತಾಗ ಅದರ ಮೇಲೆ ನನಗೆ ಮೊದಲ ಸಲ ಮರ್ಯಾದೆ ಬಂತು.

ಮೂರನೇ ಜ್ವರ

ಆ ದಿನ ಬೆಳಗ್ಗೆ ಹೋಗುವ ಹೊತ್ತಿಗೆ ನನ್ನ ಹುಳಗಳೆಲ್ಲ ತಲೆ ಎತ್ತಿ ನಿಂತಿದ್ದವು. ಊರಿನಲ್ಲಿ ಇಂಥ ಹೊತ್ತಿಗೆ ಏನು ಮಾಡುತ್ತಿದ್ದೆವೋ ಅದನ್ನೇ ಮಾಡಿದೆ. ಎರಡು ದೊಡ್ಡ ಟವಲನ್ನು ನೀರಲ್ಲಿ ಅದ್ದಿ ಹಿಂಡಿ ಸ್ಟ್ಯಾಂಡಿನ ಸುತ್ತ ಇಳಿಬಿಟ್ಟೆ. ಆಮೇಲೆ ಕೇಯ್ಕೊ ಸಿಕ್ಕಳು. ಇವತ್ತು ಹೇಗಿವೆ ಎಂದು ಕೇಳಿದಳು.

"ಸಬ್‌ಕೊ ಬುಖಾರ್ ಆಯಾ," ಎಂದೆ. ಎಲ್ಲಕ್ಕೂ ಜ್ವರ ಬಂದಿದೆ ಎಂದು, ಸಂತೋಷವಾಗಿಯೇ ಹೇಳಿದೆ.

ಅವಳ ಮುಖ ಬಿಳಿಚಿತು. ಓಡಿದಳು. ಸ್ವಲ್ಪ ಹೊತ್ತಿಗೆ ಮೂಗಿಗೆ ಬಟ್ಟೆ ಕಟ್ಟಿದ ನಾಲ್ಕು ಜನ ಬಂದರು. ನಮ್ಮನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು. ಬಾಗಿಲ ಮುಂದೆ ಬಿಳಿ ಪುಡಿ ಸುರಿದರು. ನನ್ನ ಮತ್ತು ಮಲ್ಲಣ್ಣನ ಕೈಗೆ ಮೂಗು ಉರಿಯುವ ನೀರು ಹೊಯ್ದರು. ಪಕ್ಕದ ಹೆಂಗಸರು ತಮ್ಮ ಹುಳಗಳ ಸ್ಟ್ಯಾಂಡನ್ನು ಮೆಲ್ಲಗೆ ಆ ಕಡೆಗೆ ಜರುಗಿಸುವುದು ಕಿಟಕಿಯ ಗಾಜಿನಲ್ಲಿ ಕಂಡಿತು. ರೋಗ ತಗುಲಿದ ಹುಳವನ್ನು ಅಲ್ಲಿ ಸುಡುತ್ತಾರೆ. ಒಬ್ಬನ ಕೈಯಲ್ಲಿ ಚೀಲಗಳಿದ್ದವು. ಮೂರನೇ ಸಲ, ಮೂರನೇ ಜ್ವರ. ಈ ಸಲ ಅಕ್ಕನ ಕೈ ಅಲ್ಲ, ನನ್ನ ಕೈ.

"ಏನ್ ಅಂದ್ಯಲೇ ಆ ಹುಡುಗಿಗೆ?" ಎಂದು ಮಲ್ಲಣ್ಣ ಕೇಳಿದ.

"ಜ್ವರ ಬಂದೈತೆ ಅಂದೆ."

ಮಲ್ಲಣ್ಣ ಹಣೆ ಹಿಡಿದುಕೊಂಡ. ಅವನಿಗೆ ಆಗಲೇ ಹೊಳೆದಿತ್ತು. ನನಗೆ ಹೊಳೆಯುವ ಹೊತ್ತಿಗೆ ಮೋರಿಯವರು ಭೂತಗನ್ನಡಿ ಹಿಡಿದು ಒಳಗೆ ಹೋಗಿಯಾಗಿತ್ತು. ಒಳಗಿಂದ ನಗು ಕೇಳಿತು. ಬಾಗಿಲು ತೆರೆಯಿತು. ಕೇಯ್ಕೊ ಬಂದು, ಕೆನ್ನೆಯ ಕೆಳಗೆ ಎರಡು ಕೈ ಜೋಡಿಸಿ, ತಲೆ ವಾಲಿಸಿ ತೋರಿಸಿದಳು.

"ಬುಖಾರ್ ನಹೀಂ. ನೀಂದ್."

ಜ್ವರವಲ್ಲ, ನಿದ್ದೆ. ಅವರ ಭಾಷೆಯಲ್ಲಿ ಅದಕ್ಕೆ ನಿದ್ದೆ ಎಂದೇ ಹೆಸರು. ಮೊದಲ ನಿದ್ದೆ, ಎರಡನೇ ನಿದ್ದೆ. ಹೆಂಗಸರು ಸ್ಟ್ಯಾಂಡನ್ನು ಮತ್ತೆ ಹತ್ತಿರ ಎಳೆದುಕೊಂಡರು, ಒಬ್ಬಾಕೆ ನನ್ನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ ಮಾಡಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮೋರಿಯವರು ಮಾತ್ರ ನಗು ನಿಲ್ಲಿಸಿದ್ದರು. ಅವರು ಟವಲು ನೋಡುತ್ತಿದ್ದರು. ಇದು ಯಾಕೆ ಎಂದು ಕೇಳಿದರು. ನಾನು ಹೇಳಿದೆ: ಬಿಳಿ ಹುಳಕ್ಕೆ ತಂಪು ಬೇಕು, ನಮ್ಮಲ್ಲಿ ಸೆಕೆ, ಅದಕ್ಕೆ ಗೋಣಿಚೀಲ ತೋಯಿಸಿ ಕಟ್ಟುತ್ತೇವೆ. ಜ್ವರದ ದಿನ ಇನ್ನೂ ಜಾಸ್ತಿ ತೋಯಿಸುತ್ತೇವೆ. ಜ್ವರ ಬಂದ ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕುತ್ತೇವಲ್ಲ, ಹಾಗೆ.

ಅವರು ಒಂದು ಬದಿಯ ಟವಲು ತೆಗೆದರು. ಆ ಬದಿಯ ತಟ್ಟೆಗಳಿಗೆ ಸುಣ್ಣದ ಪುಡಿ ತೆಳ್ಳಗೆ ಜರಡಿ ಹಿಡಿದು ಉದುರಿಸಿ, ಕಿಟಕಿ ತೆರೆದರು. ಇನ್ನೊಂದು ಬದಿಯದನ್ನು ಹಾಗೇ ಬಿಟ್ಟರು. ನಾಳೆ ನೀವೇ ನೋಡಿ ಎಂದರು.

ಮರುದಿನ

ಒಣಗಿದ ಬದಿಯಲ್ಲಿ ಹುಳಗಳು ಎದ್ದಿದ್ದವು. ಹಳೆ ಪೊರೆ ಬಾಲದ ಹಿಂದೆ ಕಾಗದದ ಹಾಗೆ ಬಿದ್ದಿತ್ತು. ದೊಡ್ಡ ತಲೆ, ಹೊಸ ಮೈ, ಬಾಯಾಡಿಸುತ್ತಾ ಸೊಪ್ಪು ಹುಡುಕುತ್ತಿದ್ದವು.

ಒದ್ದೆ ಬದಿಯಲ್ಲಿ ಅರ್ಧಕ್ಕರ್ಧ ಹುಳ ಪೊರೆಯೊಳಗೇ ಸಿಕ್ಕಿಕೊಂಡಿದ್ದವು. ಬೆವರಿದ ಮೈಗೆ ಅಂಗಿ ಅಂಟಿ, ತಲೆಯಿಂದ ತೆಗೆಯಲಾರದೆ ಒದ್ದಾಡುತ್ತೇವಲ್ಲ, ಹಾಗೆ. ಪೊರೆ ಒಣಗಿದರೆ ಮಾತ್ರ ಬಿರಿಯುತ್ತದೆ. ಒದ್ದೆಯಲ್ಲಿ ಮೈಗೇ ಮೆತ್ತಿಕೊಳ್ಳುತ್ತದೆ. ಹೊರಗೆ ಬಂದವುಗಳಲ್ಲೂ ಕೆಲವು ಸಪ್ಪೆಯಾಗಿ ಬಿದ್ದಿದ್ದವು. ನಮ್ಮ ಮನೆಯಲ್ಲಿ ಎರಡು ಸಲ ಕಂಡದ್ದು ಇದನ್ನೇ. ನಮ್ಮ ಹಳದಿ ಹುಳವಾದರೆ ಇಷ್ಟು ಒದ್ದೆಗೆ ಸಾಯುತ್ತಿರಲಿಲ್ಲ, ನಮ್ಮ ತಪ್ಪುಗಳಿಗೂ ಅದು ಒಗ್ಗಿಕೊಂಡಿತ್ತು.

ಆಗ ನನಗೊಂದು ನೆನಪಾಯಿತು. ಬಿಳಿ ಹುಳದ ಜೊತೆ ಇಲಾಖೆಯವರು ಒಂದು ಹಾಳೆ ಕೊಟ್ಟಿದ್ದರು. ಅದನ್ನು ಮನೆಯವರಿಗೆಲ್ಲ ಗಟ್ಟಿಯಾಗಿ ಓದಿ ಹೇಳಿದವನು ನಾನೇ. ತಂಪು ಕಾಪಾಡಿ ಎಂದಿತ್ತು, ಓದಿದೆ, ಗೋಣಿ ತೋಯಿಸಿ ಕಟ್ಟಿಸಿದೆ. ಅದರ ಕೆಳಗೆ ಇನ್ನೊಂದು ಸಾಲಿತ್ತು: ನಿರ್ಮೋಚನಾ ಹಂತದಲ್ಲಿ ತೇವಾಂಶ ಕೂಡದು. ಅದನ್ನೂ ಓದಿದೆ. ಹಾಗಂದ್ರೆ ಏನಪ್ಪ ಎಂದು ಅಕ್ಕ ಕೇಳಿದ್ದಳು. ಅದು ಈಗ ನಮಗೆ ಬರಲ್ಲ, ಮುಂದೆ ಯಾವಾಗಲೋ ಬರುವ ಹಂತ ಇರಬೇಕು ಎಂದಿದ್ದೆ. ನಿರ್ಮೋಚನ ಎಂದರೆ ಜ್ವರ ಎಂದು ನಮಗೆ ಯಾರೂ ಹೇಳಿರಲಿಲ್ಲ. ತಿಳಿಯದ್ದನ್ನು ತಿಳಿಯದು ಎಂದು ಹೇಳಲು ನನ್ನ ಹೊಸ ಎಸ್ಸೆಸ್ಸೆಲ್ಸಿ ಬಿಟ್ಟಿರಲಿಲ್ಲ.

ಅಕ್ಕ ಎರಡು ವರ್ಷದಿಂದ ಹೊತ್ತುಕೊಂಡಿದ್ದ ತಪ್ಪು ನನ್ನದು.

ಸತ್ತ ಹುಳಗಳನ್ನು ಎತ್ತಿದ ಮೇಲೆ ಮೋರಿಯವರು ನನ್ನನ್ನು ಹಿತ್ತಲಿಗೆ ಕರೆದರು. ಅಲ್ಲಿ ಮೊಳಕಾಲುದ್ದದ ಒಂದು ಕಲ್ಲು ನಿಲ್ಲಿಸಿದ್ದರು. ಸತ್ತ ರೇಷ್ಮೆ ಹುಳಗಳಿಗೆ ನಿಲ್ಲಿಸಿದ ಕಲ್ಲಂತೆ. ಅವರು ಅದರ ಮುಂದೆ ಬಗ್ಗಿ ನಿಂತರು. ಕಲಿಸುವುದಕ್ಕೆಂದು ಕೊಂದದ್ದಕ್ಕೆ ಕ್ಷಮೆ ಕೇಳುತ್ತಿದ್ದಾರೆ ಎಂದಳು ಕೇಯ್ಕೊ. ನಾನೂ ಬಗ್ಗಿದೆ. ಆದರೆ ನಾನು ಕ್ಷಮೆ ಕೇಳಿಕೊಂಡದ್ದು ಹುಳಗಳನ್ನಲ್ಲ.

ಗುಡ್ಡದ ದಾರಿ

ಉಳಿದ ಹುಳಗಳು ನಾಲ್ಕನೇ ಜ್ವರವನ್ನೂ ದಾಟಿ, ಹಣ್ಣಾಗಿ, ಗೂಡು ಕಟ್ಟಿದವು. ನಮ್ಮಲ್ಲಿ ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟಿಯ ಮೇಲೆ ಬಿಡುತ್ತೇವೆ, ಅಲ್ಲಿ ರಟ್ಟಿನ ಸಣ್ಣ ಸಣ್ಣ ಖಾನೆಗಳು, ಹುಳಕ್ಕೊಂದು ಮನೆ. ಹೊರಡುವ ಮುಂಚಿನ ವಾರ ಮೋರಿಯವರ ಜೊತೆ ಗುಡ್ಡದ ದಾರಿಯಲ್ಲಿ ನಡೆಯುತ್ತಿದ್ದೆ. ಬೇಲಿಯ ಬದಿಯ ಕಾಡು ಹಿಪ್ಪುನೇರಳೆಯಲ್ಲಿ ಅವರು ಒಂದು ಕಡ್ಡಿ ತೋರಿಸಿದರು. ನನಗೆ ಕಡ್ಡಿಯೇ ಕಂಡಿತು. ಮುಟ್ಟಿದರು, ಕಡ್ಡಿ ಬಗ್ಗಿತು. ಅದೊಂದು ಹುಳ. ತೊಗಟೆಯದೇ ಕಂದು ಬಣ್ಣ. ನಮ್ಮ ಹುಳಗಳ ಮೂಲದವರು ಇವರೇ ಎಂದರು. ಮರಿಯಾಗಿದ್ದಾಗ ಹಕ್ಕಿಯ ಹಿಕ್ಕೆಯ ಹಾಗೆ ಕಾಣುತ್ತದಂತೆ, ಚಿಟ್ಟೆಯಾದರೆ ಹಾರುತ್ತದಂತೆ.

ಮನೆಯ ಹುಳ ಹಾರುವುದಿಲ್ಲ, ಅಡಗುವುದಿಲ್ಲ, ಸೊಪ್ಪು ಒಂದು ಗೇಣು ದೂರವಿದ್ದರೆ ಹುಡುಕಿಕೊಂಡು ಹೋಗುವುದೂ ಇಲ್ಲ. ಅದು ಎಲ್ಲ ಮರೆತು ಕೆಟ್ಟುಹೋಗಿದೆಯಲ್ಲ ಎಂದೆ.

ಮೋರಿಯವರು ಮುಂದೆ ನಡೆಯುತ್ತಾ ಹೇಳಿದರು. ಪ್ರಾಣಿ ತಾನಿರುವ ಜಾಗಕ್ಕೆ ಒಗ್ಗುತ್ತದೆ. ಈ ಹುಳದ ಜಾಗ ಮರವಾಗಿತ್ತು, ಮರದ ಬಣ್ಣ ತೊಟ್ಟಿತು. ನಿಮ್ಮ ಹುಳದ ಜಾಗ ಮನುಷ್ಯರ ಮನೆ. ಬಿಸಿಲು, ಮಳೆ, ಹಕ್ಕಿ, ಎಲ್ಲವೂ ಅದಕ್ಕೆ ಸಾಕುವವರ ಕೈಯೇ.

ನಮ್ಮೂರವರು ಕೈಗುಣ ಎನ್ನುವುದು ಪೂರ್ತಿ ಸುಳ್ಳಲ್ಲ ಎನ್ನಿಸಿತು. ಆ ಕೈಗೆ ತಪ್ಪು ಮಾತು ಹೇಳಿಕೊಟ್ಟರೆ ಏನಾಗುತ್ತದೆ ಎಂಬುದು ಅವರಿಗೆ ತಿಳಿದಿರಲಿಲ್ಲ, ಅಷ್ಟೆ.

ಮತ್ತೆ ಕೊಂಡ್ಲಹಳ್ಳಿ

ಅಕ್ಕ ಮನೆ ಮುಂದೆ ಶೇಂಗಾ ಬಿಡಿಸುತ್ತಿದ್ದಳು. ಜಪಾನು ಹೇಗಿತ್ತು ಎಂದು ಕೇಳಲಿಲ್ಲ.

"ಅವರ ಕೈ ಹೆಂಗಿದ್ವು?"

"ನಿನ್ನವಿದ್ದಂಗೇ ಅದಾವೆ."

"ಮತ್ತೆ?"

ನಾನು ಅವಳ ಎದುರಿಗೆ ನೆಲದ ಮೇಲೆ ಕೂತೆ.

"ತಪ್ಪು ನಂದು ಅಕ್ಕ. ಜ್ವರದಾಗೆ ಒದ್ದೆ ಮಾಡಬಾರ್ದು ಅಂತ ಆ ಹಾಳೆಯಾಗೆ ಬರದಿತ್ತು. ನಿರ್ಮೋಚನ ಅಂತ ಓದಿದ್ನಲ್ಲ, ಅದೇ ಜ್ವರ. ನನಗೆ ತಿಳಿದಿರ್ಲಿಲ್ಲ. ತಿಳೀದು ಅಂತ ಹೇಳ್ಲೂ ಇಲ್ಲ."

ಅವಳ ಕೈ ಶೇಂಗಾ ಬಿಡಿಸುವುದನ್ನು ನಿಲ್ಲಿಸಿತು.

"ಎರಡು ವರ್ಷ ನಾನು ನನ್ ಕೈ ನೋಡ್ಕಂಡು ಕುಂತಿದ್ದೆನಲ್ಲೋ."

ಅಷ್ಟೇ ಹೇಳಿ ಮೊರ ಎತ್ತಿಕೊಂಡು ಒಳಗೆ ಹೋದಳು. ಎರಡು ದಿನ ನಮ್ಮ ಮನೆ ಕಡೆ ಬರಲಿಲ್ಲ. ನಾನು ಹೋದರೆ ಭಾವನ ಕೈಲಿ ನೀರು ಕೊಡಿಸಿದಳು. ಮೂರನೇ ದಿನ ತಾನೇ ಬಂದು ಬಾಗಿಲಲ್ಲಿ ನಿಂತಳು.

"ಆ ಪದ ಇನ್ನೊಂದ್ಸಲ ಹೇಳು."

"ನಿರ್ಮೋಚನ."

"ಅದನ್ನ ಬರದವನ ಮನೆಯಾಗೆ ಯಾರೂ ಹುಳ ಸಾಕಲ್ಲ ಅಂತ ಕಾಣ್ತತೆ," ಎಂದಳು. ಆಮೇಲೆ, ಸುಣ್ಣ ಯಾವಾಗ ಉದುರಿಸಬೇಕು, ಎಷ್ಟು, ಕಿಟಕಿ ಯಾವ ಕಡೆಯದು ತೆಗೆಯಬೇಕು ಎಂದು ಒಂದೊಂದಾಗಿ ಕೇಳಿದಳು. ಅವರು ಅದಕ್ಕೆ ಏನೆನ್ನುತ್ತಾರೆ ಎಂದೂ ಕೇಳಿದಳು. ನಿದ್ದೆ ಎಂದೆ. ಅದನ್ನು ಎರಡು ಸಲ ತನ್ನಷ್ಟಕ್ಕೇ ಹೇಳಿಕೊಂಡಳು.

ಆಮೇಲೆ ಊರಿನಲ್ಲಿ ಎಲ್ಲರೂ ಕೂತು ಮಾತಾಡಿದೆವು. ಬೇಸಿಗೆಗೆ ನಮ್ಮ ಹಳದಿ ಹುಳವೇ ಸರಿ, ಇಲ್ಲವೇ ತಾಯಿ ಹಳದಿ ತಂದೆ ಬಿಳಿ ಇರುವ ಮಿಶ್ರತಳಿ. ಮಳೆಗಾಲ ಮುಗಿದಾಗಿನಿಂದ ಚಳಿ ಹೋಗುವವರೆಗೆ ಬಿಳಿ ಹುಳ. ಯಾವುದಕ್ಕೆ ಯಾವ ಕಾಲ ಒಗ್ಗುತ್ತದೋ ಆ ಕಾಲದಲ್ಲಿ ಅದು. ಇದಕ್ಕೆ ಜಪಾನಿಗೆ ಹೋಗಬೇಕಿತ್ತೇ ಎಂದು ಕೇಳಿದವರೂ ಇದ್ದರು.

ಕಾರ್ತಿಕದಲ್ಲಿ ಬಿಳಿ ಹುಳ ತಂದೆವು. ಅಕ್ಕ ಮೊದಲ ದಿನ ಹೊಸ್ತಿಲ ಹತ್ತಿರ ಸ್ವಲ್ಪ ಹೊತ್ತು ನಿಂತು, ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು. ಮೂರನೇ ಜ್ವರದ ದಿನ ಊರಿನ ಅರ್ಧ ಜನ ನೋಡಲು ಬಂದರು. ಕೈ ಕೆಟ್ಟಿತು ಎಂದವರೂ ಅದರಲ್ಲಿದ್ದರು. ಅಕ್ಕ ಬಾಗಿಲಿಗೆ ಅಡ್ಡ ಕೂತು, ಯಾರನ್ನೂ ಒಳಗೆ ಬಿಡಲಿಲ್ಲ.

"ಮಲಗ್ಯಾವೆ. ನಾಳೆ ಬರ್ರಿ."

ಅವಳು ಹೇಳಿದ ದನಿ ಎಷ್ಟು ಮೆಲ್ಲಗಿತ್ತೆಂದರೆ ಬಂದವರೂ ಪಿಸುಮಾತಿನಲ್ಲೇ ಮಾತಾಡುತ್ತಾ ವಾಪಸ್ ಹೋದರು. ನನ್ನನ್ನೂ ಒಳಗೆ ಬಿಡಲಿಲ್ಲ. ಜಪಾನಿಗೆ ಹೋದವನು ನಾನು ಎಂದರೂ ಕೇಳಲಿಲ್ಲ.

ಮರುದಿನ ಬೆಳಗಾಗುವ ಹೊತ್ತಿಗೆ ನಾನು ಹುಳದ ಮನೆಯ ಹೊರಗೆ ನಿಂತಿದ್ದೆ. ಒಳಗಿಂದ ತಟ್ಟೆ ಎಳೆಯುವ ಸದ್ದು, ಮತ್ತೆ ತಳ್ಳುವ ಸದ್ದು. ಒಂದೊಂದು ತಟ್ಟೆಯನ್ನೂ ನೋಡುತ್ತಿದ್ದಾಳೆ ಎಂದು ತಿಳಿಯಿತು. ಕೊನೆಯ ತಟ್ಟೆಯನ್ನೂ ತಳ್ಳಿದ ಸದ್ದು ಕೇಳಿತು. ಆಮೇಲೆ ಬಾಗಿಲು ಒಂದು ಗೇಣು ತೆರೆಯಿತು.

"ಎದ್ದಾವೆ," ಎಂದಳು ಅಕ್ಕ. "ಸೊಪ್ಪು ತಗಂಡು ಬಾ."